ಮೆಟ್ಟಿಲನ್ನು ಮೊದಲು ಮೆಟ್ಟಿಲಾಗಿ ನೋಡಿ: ತಾಯಿಯ ಬುದ್ಧಿಮಾತಿನ ಒಂದು ಕವಿತೆ ಓದುವ ಬಗೆ

ಮೆಟ್ಟಿಲು ಎಂದರೆ ಜೀವನ. ಮೊಳೆ ಎಂದರೆ ಕಷ್ಟ. ಕತ್ತಲು ಎಂದರೆ ನಿರಾಶೆ. ಗೈಡುಗಳಲ್ಲಿ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಮಕ್ಕಳು ಇದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಂಕವೂ ಬರುತ್ತದೆ. ಆದರೆ ಕವಿತೆ ಓದಿದ ಹಾಗೆ ಆಗಿರುವುದಿಲ್ಲ.

ನಾನು ಹೇಳುತ್ತಿರುವುದು ಲ್ಯಾಂಗ್‌ಸ್ಟನ್ ಹ್ಯೂಸ್ ಬರೆದ 'ಮದರ್ ಟು ಸನ್' ಎಂಬ ಕವಿತೆಯ ಬಗ್ಗೆ. ಹ್ಯೂಸ್ ಅಮೆರಿಕದ ಕಪ್ಪು ಜನಾಂಗದ ಕವಿ. ಈ ಕವಿತೆ 1922ರ ಡಿಸೆಂಬರಿನಲ್ಲಿ 'ದಿ ಕ್ರೈಸಿಸ್' ಎಂಬ ಪತ್ರಿಕೆಯಲ್ಲಿ ಬಂತು. ಆಮೇಲೆ 1926ರಲ್ಲಿ ಅವರ ಮೊದಲ ಕವನ ಸಂಕಲನಕ್ಕೂ ಸೇರಿತು. ಇಪ್ಪತ್ತೇ ಸಾಲು. ತಾಯಿ ಮಗನಿಗೆ ಬುದ್ಧಿ ಹೇಳುತ್ತಾಳೆ, ಅಷ್ಟೇ ಕಥೆ. ಇಂಗ್ಲಿಷ್ ಪಾಠದಲ್ಲಿ ಇದು ಎದುರಾದಾಗ ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಹುಡುಗರು ಇದನ್ನು ಹೇಗೆ ಓದಬಹುದು, ಮನೆಯಲ್ಲಿ ಅಪ್ಪ-ಅವ್ವ ಹೇಗೆ ಜೊತೆಗೆ ಕೂರಬಹುದು ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಇದೇ ದಾರಿಯಲ್ಲಿ ಬುದ್ಧಿಮಾತಿನ ಬೇರೆ ಯಾವ ಕವಿತೆಯನ್ನೂ ಓದಬಹುದು.

ಮೊದಲ ಹೆಜ್ಜೆ: ಅರ್ಥ ಹುಡುಕದೆ ಜೋರಾಗಿ ಓದಿ

ಡಿಕ್ಷನರಿ ಪಕ್ಕಕ್ಕಿಡಿ. ಒಮ್ಮೆ ಗಟ್ಟಿಯಾಗಿ ಓದಿ. ಓದುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮಾತಾಡುತ್ತಿರುವುದು ಯಾರು?

ಕವಿ ಅಲ್ಲ. ಇದು ಬಹಳ ಮುಖ್ಯ. ಕವಿತೆ ಅಚ್ಚಾದಾಗ ಹ್ಯೂಸ್ ಇಪ್ಪತ್ತರ ಆಸುಪಾಸಿನ ಹುಡುಗ. ತಂದೆ ತಾಯಿ ಬೇರೆಯಾಗಿದ್ದರಿಂದ ಅವರು ಹೆಚ್ಚಾಗಿ ಬೆಳೆದದ್ದು ಕ್ಯಾನ್ಸಸ್ ರಾಜ್ಯದಲ್ಲಿದ್ದ ಅಜ್ಜಿಯ ಹತ್ತಿರ. ಅಂಥ ಹುಡುಗ ವಯಸ್ಸಾದ ತಾಯಿಯ ದನಿಯಲ್ಲಿ ಬರೆದಿದ್ದಾನೆ. ಆದ್ದರಿಂದ ಉತ್ತರದಲ್ಲಿ 'ಕವಿ ತನ್ನ ಮಗನಿಗೆ ಹೇಳುತ್ತಾನೆ' ಎಂದು ಬರೆದರೆ ಮೊದಲ ಸಾಲಿಗೇ ಎಡವಿದ ಹಾಗೆ.

ಇನ್ನೊಂದು ವಿಷಯ ಗಮನಿಸಿ. ಕವಿತೆ ಶುರುವಾಗುವುದೇ ಉತ್ತರದ ಧಾಟಿಯಲ್ಲಿ. 'ಸರಿ ಮಗಾ, ಹೇಳ್ತೀನಿ ಕೇಳು' ಎನ್ನುವ ಹಾಗೆ. ಅಂದರೆ ಅದಕ್ಕೂ ಮುಂಚೆ ಮಗ ಏನೋ ಹೇಳಿದ್ದಾನೆ. ಏನು ಹೇಳಿರಬಹುದು? ಪೂರ್ತಿ ಕವಿತೆಯಲ್ಲಿ ಅವನಿಗೆ ಒಂದು ಮಾತೂ ಇಲ್ಲ. ನೀವು ಅವನ ಮಾತನ್ನು ಒಂದು ಸಾಲಿನಲ್ಲಿ ಬರೆದು ನೋಡಿ. 'ಸಾಕಾಯ್ತವ್ವ, ನಾ ಇನ್ನ ಓದಂಗಿಲ್ಲ' ಎಂದಿರಬಹುದು. ಕೆಲಸ ಬಿಟ್ಟು ಬಂದಿರಬಹುದು. ಯಾರೋ ಅವಮಾನ ಮಾಡಿರಬಹುದು. ಈ ಒಂದು ಸಾಲು ಬರೆದ ಮೇಲೆ ತಾಯಿಯ ಮಾತು ಸುಮ್ನೆ ಉಪದೇಶವಾಗಿ ಕೇಳುವುದಿಲ್ಲ.

ಎರಡನೇ ಹೆಜ್ಜೆ: ಮೆಟ್ಟಿಲನ್ನು ಕಣ್ಣಾರೆ ಕಾಣಿ

ಇಲ್ಲಿ ನಿಧಾನ ಮಾಡಿ. ಇಡೀ ಕವಿತೆ ನಿಂತಿರುವುದು ಇದರ ಮೇಲೆಯೇ.

ನಮ್ಮ ಕಡೆ ಮೆಟ್ಟಿಲು ಎಂದರೆ ಕಣ್ಣ ಮುಂದೆ ಬರುವುದು ಶಹಾಬಾದ್ ಕಲ್ಲು. ಶಹಾಬಾದ್, ಸೇಡಂ, ಚಿತ್ತಾಪುರ ಭಾಗದ ಸುಣ್ಣದ ಕಲ್ಲಿನ ಚಪ್ಪಡಿಗಳು ಮನೆಯ ನೆಲಕ್ಕೂ ಮೆಟ್ಟಿಲಿಗೂ ಬರುತ್ತವೆ. ಅದಕ್ಕೆ ಸಿಬಿರು ಏಳುವುದಿಲ್ಲ. ಬೇಸಿಗೆಯಲ್ಲಿ ಅಂಗಾಲು ಸುಡುತ್ತದೆ, ಮಳೆಯಲ್ಲಿ ಜಾರುತ್ತದೆ, ಅಂಚು ಒಡೆಯುತ್ತದೆ. ಆ ಕಲ್ಲಿನ ಮೆಟ್ಟಿಲನ್ನೇ ಮನಸ್ಸಿನಲ್ಲಿಟ್ಟುಕೊಂಡು ಈ ಕವಿತೆ ಓದಿದರೆ ಅರ್ಧ ಕವಿತೆ ಕಾಣುವುದೇ ಇಲ್ಲ.

ತಾಯಿ ಹೇಳುವುದು ಮರದ ಮೆಟ್ಟಿಲಿನ ಬಗ್ಗೆ. ಅವಳು ಹೇಳುವ ವಿವರಗಳು ಇವು: ಸಣ್ಣ ಮೊಳೆಗಳು, ಸಿಬಿರು, ಕಿತ್ತುಹೋದ ಹಲಗೆ, ಹಾಸು ಇಲ್ಲದ ಜಾಗ. ಒಂದೊಂದನ್ನೂ ಕಾಲಿನಿಂದ ಯೋಚಿಸಿ, ತಲೆಯಿಂದ ಬೇಡ. ಮೊಳೆ ಚುಚ್ಚುತ್ತದೆ, ರಕ್ತ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ಸಿಬಿರು ಹಾಗಲ್ಲ. ಒಳಗೆ ಹೋಗಿ ಕೂರುತ್ತದೆ, ದಿನಗಟ್ಟಲೆ ಕಾಡುತ್ತದೆ, ಬೇರೆಯವರಿಗೆ ಕಾಣುವುದಿಲ್ಲ. ಹಲಗೆ ಕಿತ್ತುಹೋಗಿದ್ದರೆ ಚುಚ್ಚುವ ಮಾತೇ ಇಲ್ಲ, ಕಾಲಿಡಲು ಜಾಗವೇ ಇಲ್ಲ. ಮೂರೂ ಬೇರೆ ಬೇರೆ ತೊಂದರೆ. ಗೈಡು ಮೂರನ್ನೂ 'ಕಷ್ಟ' ಎಂಬ ಒಂದೇ ಚೀಲಕ್ಕೆ ತುಂಬಿಬಿಡುತ್ತದೆ. ನನಗೆ ಅದರ ಮೇಲೆ ಸಿಟ್ಟು ಬರುವುದು ಇಲ್ಲೇ.

ಮೊಳೆಯ ಬಗ್ಗೆ ಇನ್ನೊಂದು ಮಾತು. ಆ ಕಾಲದ ಅಲ್ಲಿನ ಮನೆಗಳಲ್ಲಿ ಮೆಟ್ಟಿಲ ಮೇಲೆ ಹಾಸು ಹಾಸಿ, ಅದು ಸರಿಯದ ಹಾಗೆ ಸಣ್ಣ ಮೊಳೆ ಹೊಡೆಯುತ್ತಿದ್ದರು. ಹಾಸು ಹರಿದು ಹೋದರೂ ಮೊಳೆ ಉಳಿಯಬಹುದು. ಹೀಗೆ ನೋಡಿದರೆ ಒಂದು ಕಾಲಕ್ಕೆ ಮೆತ್ತಗೆ ಇರಲೆಂದು ಹೊಡೆದ ಮೊಳೆಯೇ ಈಗ ಕಾಲಿಗೆ ಚುಚ್ಚುತ್ತಿದೆ. ಕವಿತೆ ಇದನ್ನು ಬಿಡಿಸಿ ಹೇಳುವುದಿಲ್ಲ, ಇದು ನನ್ನ ಓದು. ನಿಮಗೆ ಬೇರೆ ತೋಚಿದರೆ ಅದನ್ನೇ ಇಟ್ಟುಕೊಳ್ಳಿ. ಆದರೆ ನಿಮ್ಮ ಓದು ಮೊಳೆಯಿಂದಲೇ ಹುಟ್ಟಬೇಕು, ಗಾಳಿಯಿಂದ ಅಲ್ಲ.

ಏಳನೇ ಸಾಲು ನೋಡಿ. ಅಲ್ಲಿ ಒಂದೇ ಪದ ಇದೆ. 'ಬರಿದು' ಎಂಬ ಅರ್ಥದ ಪದ. ಹಾಸಿಲ್ಲದ ಮೆಟ್ಟಿಲಿನ ಹಾಗೆ ಆ ಸಾಲೂ ಬರಿದಾಗಿ ನಿಂತಿದೆ. ಗಟ್ಟಿಯಾಗಿ ಓದುವಾಗ ಅಲ್ಲಿ ನಿಮ್ಮ ಉಸಿರು ತಾನಾಗಿ ನಿಲ್ಲುತ್ತದೆ. ಪಾಠ ಹೇಳುವವರು ಇದನ್ನು ತೋರಿಸದೆ ಮುಂದೆ ಹೋಗಬಾರದು.

ಮರದ ಮೆಟ್ಟಿಲು ನೋಡೇ ಇಲ್ಲದ ಮಕ್ಕಳಿಗೆ ಏನು ತೋರಿಸುವುದು? ಕಟ್ಟುತ್ತಿರುವ ಯಾವುದಾದರೂ ಮನೆಯ ಮೆಟ್ಟಿಲು ತೋರಿಸಿ. ಕೈಹಿಡಿಕೆ ಇಲ್ಲ, ಒಂದು ಮೆಟ್ಟಿಲು ಎತ್ತರ ಒಂದು ತಗ್ಗು, ಸೆಂಟ್ರಿಂಗ್ ಹಲಗೆಯ ಮೊಳೆಗಳು ಅಲ್ಲಲ್ಲಿ ಬಿದ್ದಿರುತ್ತವೆ. ನಮ್ಮ ಕಡೆಯಿಂದ ಗುಳೆ ಹೋಗಿ ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗಳಲ್ಲಿ ಕಟ್ಟಡದ ಕೆಲಸ ಮಾಡುವ ತಾಯಂದಿರು ಅಂಥ ಮೆಟ್ಟಿಲನ್ನು ತಲೆ ಮೇಲೆ ಬುಟ್ಟಿ ಹೊತ್ತು ಏರುತ್ತಾರೆ. ಅವರ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ಅವರಿಗೆ ಈ ಕವಿತೆಯನ್ನು ಯಾರೂ ವಿವರಿಸಬೇಕಿಲ್ಲ. ಅವರನ್ನೇ ಕೇಳಿ, ಅವರೇ ಹೇಳುತ್ತಾರೆ.

ಮೂರನೇ ಹೆಜ್ಜೆ: ಉಪಮೆಯೋ ರೂಪಕವೋ, ಬೇಗ ತೀರ್ಮಾನಿಸಿ

ಇದು ಸಣ್ಣ ಕೆಲಸ, ಪರೀಕ್ಷೆಗೆ ಬೇಕು. 'ಹಾಗೆ', 'ಅಂತೆ', 'ತರಹ' ಎಂಬ ಪದ ಇದ್ದು ಎರಡನ್ನು ಹೋಲಿಸಿದರೆ ಉಪಮೆ. ಇದೇ ಅದು ಎಂದು ಒಂದಾಗಿಸಿದರೆ ರೂಪಕ. ಬಸವಣ್ಣನವರ ವಚನಗಳಲ್ಲೇ ಎರಡೂ ಸಿಗುತ್ತವೆ. ನುಡಿ 'ಮುತ್ತಿನ ಹಾರದಂತಿರಬೇಕು' ಎಂದರೆ ಉಪಮೆ. 'ಎನ್ನ ಕಾಲೇ ಕಂಬ, ದೇಹವೇ ದೇಗುಲ' ಎಂದರೆ ರೂಪಕ. ಹ್ಯೂಸ್ ಕವಿತೆಯ ತಾಯಿ 'ನನ್ನ ಬದುಕು ಮೆಟ್ಟಿಲಿನ ಹಾಗೆ' ಎನ್ನುವುದಿಲ್ಲ. ನೇರವಾಗಿ ಬದುಕಿನಲ್ಲೇ ಮೊಳೆ ಇತ್ತು, ಹಲಗೆ ಕಿತ್ತಿತ್ತು ಎನ್ನುತ್ತಾಳೆ. ಹಾಗಾಗಿ ರೂಪಕ. ಅದೂ ಒಂದೇ ಸಾಲಿಗೆ ಮುಗಿಯದೆ ಕೊನೆಯವರೆಗೆ ಬೆಳೆಯುವ ರೂಪಕ.

ಸೇಡಂ ತಾಲೂಕಿನ ಹುಡುಗರಿಗೆ ಒಂದು ಮಾತು ಹೇಳಲೇಬೇಕು. ಸುಮಾರು ಸಾ.ಶ. 850ರ ಹೊತ್ತಿಗೆ, ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರಚನೆಯಾಯಿತು. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ ಅದು. ಅದರ ಮೂರನೇ ಭಾಗ ಇರುವುದೇ ರೂಪಕದಂಥ ಅರ್ಥಾಲಂಕಾರಗಳ ಬಗ್ಗೆ. ಅಲಂಕಾರ ಅಂದ ಕೂಡಲೇ ಇದು ನಮಗಲ್ಲ, ಬೇರೆ ಊರಿನವರ ವಿದ್ಯೆ ಎಂದು ಮುಖ ಸಿಂಡರಿಸುವ ಮಕ್ಕಳನ್ನು ಒಮ್ಮೆ ಮಳಖೇಡದ ಕೋಟೆಗೆ ಕರೆದುಕೊಂಡು ಹೋಗಿ.

ನಾಲ್ಕನೇ ಹೆಜ್ಜೆ: 'ಇಲ್ಲ' ಎಂದದ್ದನ್ನೂ ಓದಿ

ತಾಯಿ ತನ್ನ ಮೆಟ್ಟಿಲು ಎಂಥದ್ದು ಎಂದು ಹೇಳುವ ಮೊದಲು, ಎಂಥದ್ದು ಅಲ್ಲ ಎಂದು ಹೇಳುತ್ತಾಳೆ. ಅದು ಸ್ಫಟಿಕದ ಮೆಟ್ಟಿಲಲ್ಲ. ಮುತ್ತಿನ ಹಾರದ ಆ ವಚನದಲ್ಲೇ 'ಸ್ಫಟಿಕದ ಸಲಾಕೆ' ಎಂಬ ಮಾತೂ ಬರುತ್ತದೆ. ಹಾಗಾಗಿ ನಮ್ಮ ಓದುಗರಿಗೆ ಸ್ಫಟಿಕ ಎಂದರೆ ಏನೆಂದು ಹೇಳಬೇಕಿಲ್ಲ. ತಿಳಿ, ಹೊಳಪು, ಕಲೆ ಇಲ್ಲ, ಕಾಲಿಗೆ ತಡೆಯೂ ಇಲ್ಲ.

ಈಗ ಕೇಳಬೇಕಾದ ಪ್ರಶ್ನೆ: ಸ್ಫಟಿಕದ ಮೆಟ್ಟಿಲು ಇರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಹೇಗೆ?

ಇದಕ್ಕೆ ಒಂದೇ ಉತ್ತರ ಇಲ್ಲ. ಕಥೆಗಳಲ್ಲಿ, ಚರ್ಚಿನ ಹಾಡುಗಳಲ್ಲಿ ಕೇಳಿರಬಹುದು. ಇನ್ನೊಂದು ಸಾಧ್ಯತೆ ಇತಿಹಾಸದಲ್ಲಿದೆ. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಂತೆ ಕೊನೆಯಾದದ್ದು 1865ರಲ್ಲಿ. ಆಮೇಲೂ ಬಹಳಷ್ಟು ಕಪ್ಪು ಹೆಂಗಸರಿಗೆ ಸಿಕ್ಕಿದ್ದು ಬಿಳಿಯರ ಮನೆಯ ಕೆಲಸವೇ. ಅಡುಗೆ, ಬಟ್ಟೆ ಒಗೆಯುವುದು, ನೆಲ ಒರೆಸುವುದು. ಈ ತಾಯಿಯೂ ಬೇರೆಯವರ ಮನೆಯ ಹೊಳೆಯುವ ಮೆಟ್ಟಿಲು ಒರೆಸಿ ಬಂದವಳಾಗಿದ್ದರೆ? ಕವಿತೆ ಹಾಗೆ ಹೇಳುವುದಿಲ್ಲ. ಆದರೆ ಹಾಗೆ ಓದಲು ಅಡ್ಡಿಯೂ ಇಲ್ಲ. ಕಲಬುರಗಿಯಲ್ಲಿ ನಾಲ್ಕಾರು ಮನೆಯ ಪಾತ್ರೆ ತೊಳೆದು ಬರುವ ತಾಯಿಯ ಮಗಳು ಈ ಸಾಲನ್ನು ಬೇರೆಯವರಿಗಿಂತ ಬೇಗ ಹಿಡಿಯುತ್ತಾಳೆ.

ಐದನೇ ಹೆಜ್ಜೆ: 'ಆದರೆ' ಬರುವ ಕಡೆ ಗೆರೆ ಎಳೆಯಿರಿ

ಎಂಟನೇ ಸಾಲಿನಲ್ಲಿ ಕವಿತೆ ತಿರುಗುತ್ತದೆ. ಅಲ್ಲಿಂದ ಹೆಸರುಪದಗಳಿಗಿಂತ ಕ್ರಿಯಾಪದಗಳನ್ನು ನೋಡಿ. ಏರುತ್ತ ಬಂದೆ, ಮೆಟ್ಟಿಲ ನಡುವಿನ ಸಮತಟ್ಟು ಜಾಗ ಮುಟ್ಟಿದೆ, ತಿರುವು ತಿರುಗಿದೆ, ಕೆಲವೊಮ್ಮೆ ಬೆಳಕೇ ಇಲ್ಲದ ಕಡೆ ಕತ್ತಲಲ್ಲಿ ನಡೆದೆ. ಮೊದಲ ಭಾಗದಲ್ಲಿ ಮೆಟ್ಟಿಲಿನ ಸ್ಥಿತಿ ಇತ್ತು. ಇಲ್ಲಿ ಅವಳ ಕೆಲಸ ಇದೆ. ಛಲ ಎಂಬ ಪದವನ್ನು ಅವಳು ಎಲ್ಲೂ ಬಳಸುವುದಿಲ್ಲ. ಕ್ರಿಯಾಪದಗಳೇ ಅದನ್ನು ತೋರಿಸುತ್ತವೆ.

ಮೆಟ್ಟಿಲ ನಡುವೆ ಸಮತಟ್ಟು ಜಾಗ ಇರುತ್ತದಲ್ಲ, ಕಟ್ಟಡದವರು ಲ್ಯಾಂಡಿಂಗ್ ಎನ್ನುತ್ತಾರೆ, ಅದನ್ನು ಅನೇಕರು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅಲ್ಲಿ ಕಾಲಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಮುಂದೆ ಅವಳು ಮಗನಿಗೆ ಬೇಡ ಎನ್ನುವುದು ಮೆಟ್ಟಿಲ ಮೇಲೆ ಕೂರುವುದನ್ನು. ಲ್ಯಾಂಡಿಂಗಿನಲ್ಲಿ ಉಸಿರು ತೆಗೆದುಕೊಳ್ಳಬೇಡ ಎಂದು ಎಲ್ಲೂ ಹೇಳಿಲ್ಲ. ಛಲ ಎಂದರೆ ನಿದ್ದೆಗೆಟ್ಟು ಓದುವುದು, ಒಂದು ಕ್ಷಣವೂ ನಿಲ್ಲದಿರುವುದು ಎಂದು ನಂಬಿಸುವ ಭಾಷಣಗಳನ್ನು ನಮ್ಮ ಮಕ್ಕಳು ಬೇಕಾದಷ್ಟು ಕೇಳುತ್ತಾರೆ. ಈ ತಾಯಿ ಅವರಿಗಿಂತ ತಿಳಿದವಳು.

ಇನ್ನೂ ಒಂದು ಗಮನಿಸಿ. ಮೆಟ್ಟಿಲು ಹತ್ತಿ ಮುಗಿದರೆ ಮೇಲೆ ಏನಿದೆ? ಅವಳು ಹೇಳುವುದೇ ಇಲ್ಲ. ಹಣ, ನೌಕರಿ, ದೊಡ್ಡ ಮನೆ, ಯಾವುದೂ ಇಲ್ಲ. 'ಕಷ್ಟಪಟ್ಟರೆ ಫಲ ಸಿಗುತ್ತದೆ ಎಂಬುದು ಕವಿತೆಯ ಸಂದೇಶ' ಎಂದು ಬರೆಯುವವರು ಕವಿತೆಯಲ್ಲಿ ಇಲ್ಲದ್ದನ್ನು ಬರೆಯುತ್ತಿದ್ದಾರೆ. ಅವಳು ಕೊನೆಗೂ ಮೇಲೆ ತಲುಪಿಲ್ಲ. ಇನ್ನೂ ಏರುತ್ತಲೇ ಇದ್ದಾಳೆ. ಗೆದ್ದು ಬಂದು ಬುದ್ಧಿ ಹೇಳುವವರ ಮಾತಿಗೂ, ನಡು ದಾರಿಯಲ್ಲಿ ನಿಂತು ಬುದ್ಧಿ ಹೇಳುವವಳ ಮಾತಿಗೂ ವ್ಯತ್ಯಾಸ ಇದೆ, ಅಲ್ವಾ?

ಆರನೇ ಹೆಜ್ಜೆ: ಬುದ್ಧಿಮಾತು ಎಷ್ಟು, ಹೇಗೆ ಎಂದು ಅಳೆಯಿರಿ

ಬುದ್ಧಿಮಾತಿನ ಕವಿತೆ ಎಂದು ಕರೆಯುತ್ತೇವೆ. ಆದರೆ ನೇರ ಬುದ್ಧಿಮಾತು ಶುರುವಾಗುವುದು ಹದಿನಾಲ್ಕನೇ ಸಾಲಿನಲ್ಲಿ. ಮೂರೇ ಮಾತು: ಹಿಂದಕ್ಕೆ ತಿರುಗಬೇಡ, ಕಷ್ಟ ಎಂದು ಮೆಟ್ಟಿಲ ಮೇಲೆ ಕೂರಬೇಡ, ಈಗ ಬೀಳಬೇಡ. ಅದಕ್ಕೆ ಮುಂಚಿನದೆಲ್ಲ ಅವಳದೇ ಕಥೆ. ಮೊದಲು ತನ್ನ ಕಾಲು ತೋರಿಸಿ, ಆಮೇಲೆ ಮಗನ ಕಾಲಿನ ಮಾತು ಎತ್ತುತ್ತಾಳೆ.

ನಮ್ಮ ಬೀಸುಕಲ್ಲಿನ ಹಾಡುಗಳಲ್ಲೂ ತಾಯಿಯ ಬುದ್ಧಿಮಾತು ಇದೆ. ಅತ್ತೆಯ ಮನೆಯಲ್ಲಿ ಮುತ್ತಾಗಿ ಇರಬೇಕು, ಹೊತ್ತಾಗಿ ನೀಡಿದರೂ ಉಣಬೇಕು, ತವರಿಗೆ ಹೆಸರು ತರಬೇಕು ಎನ್ನುವ ತ್ರಿಪದಿ ಊರೂರಿಗೆ ಸ್ವಲ್ಪ ಬೇರೆಯಾಗಿ ಕೇಳುತ್ತದೆ. ಅದರಲ್ಲೂ ರೂಪಕ ಇದೆ, ಮುತ್ತು. ಎರಡನ್ನೂ ಪಕ್ಕದಲ್ಲಿಟ್ಟು ಓದಿಸಿ. ತ್ರಿಪದಿಯ ತಾಯಿ 'ಇರಬೇಕು, ಉಣಬೇಕು, ತರಬೇಕು' ಎನ್ನುತ್ತಾಳೆ, ತಾನು ಏನು ಉಂಡೆ ಎಂದು ಹೇಳುವುದಿಲ್ಲ. ಮುತ್ತು ಇದ್ದಲ್ಲೇ ಇರುವ ವಸ್ತು, ಮೆಟ್ಟಿಲು ಏರಿ ಹೋಗುವ ವಸ್ತು. ಮಗಳಿಗೆ ಒಂದು, ಮಗನಿಗೆ ಇನ್ನೊಂದು ಯಾಕೆ ಎಂದು ತರಗತಿಯ ಹುಡುಗಿಯರು ಕೇಳಿಯೇ ಕೇಳುತ್ತಾರೆ. ಕೇಳಲಿ. ಎರಡೂ ತಾಳ್ಮೆಯ ಪಾಠವೇ ಆದರೂ ಸಹಿಸಿಕೊಂಡು ಇರುವುದು ಬೇರೆ, ಮುಂದಕ್ಕೆ ಹೋಗುವುದು ಬೇರೆ ಎಂಬುದು ಆ ಚರ್ಚೆಯಲ್ಲೇ ಹೊರಬರುತ್ತದೆ.

ತಾಯಿ ಮಗನನ್ನು ಮೂರು ರೀತಿ ಕರೆಯುತ್ತಾಳೆ. ಶುರುವಿನಲ್ಲಿ ಮಗಾ ಎಂದು, ಗದರುವಾಗ ಏ ಹುಡುಗಾ ಎಂದು, ಕೊನೆಗೆ ಮುದ್ದಿನಿಂದ. ನಮ್ಮ ಮನೆಗಳಲ್ಲಿ 'ಕೇಳಪಾ ಮಗಾ' ಎಂದು ಶುರುವಾಗಿ 'ಏ ತಮ್ಮಾ' ಎಂದು ದನಿ ಏರಿ 'ನನ್ನ ಬಂಗಾರಾ' ಎಂದು ಇಳಿಯುತ್ತದಲ್ಲ, ಅದೇ ಏರಿಳಿತ. ಕವಿತೆಯ ಇಂಗ್ಲಿಷ್ ಕೂಡ ಪುಸ್ತಕದ ಇಂಗ್ಲಿಷ್ ಅಲ್ಲ, ಕಪ್ಪು ಜನರ ಮನೆಮಾತು. ಅದನ್ನು ವ್ಯಾಕರಣ ತಪ್ಪು ಎಂದು ಕೆಂಪು ಗೆರೆ ಎಳೆಯಬೇಡಿ. ಮಕ್ಕಳಿಗೆ ಕೊನೆಯ ಸಾಲುಗಳನ್ನು ತಮ್ಮ ಅವ್ವನ ಮಾತಿನಲ್ಲಿ ಹೇಳಲು ಬಿಡಿ. 'ಮೆಟ್ಟಲ ಮ್ಯಾಲ ಕುಂದ್ರಬ್ಯಾಡ', 'ನಾ ಇನ್ನಾ ಏರ್ಲಕತ್ತೀನಿ' ಎಂದು ಒಬ್ಬ ಹುಡುಗ ಹೇಳಿದ ಕೂಡಲೇ ತರಗತಿ ನಗುತ್ತದೆ. ನಕ್ಕು ಮುಗಿದ ಮೇಲೆ ಮತ್ತೊಮ್ಮೆ ಹೇಳಿಸಿ. ಆಗ ಯಾರೂ ನಗುವುದಿಲ್ಲ.

ಪಾಲಕರಿಗೂ ಒಂದು ಮಾತು. 'ನಾವು ಎಷ್ಟು ಕಷ್ಟಪಟ್ಟು ನಿನ್ನ ಓದಿಸ್ಲಕತ್ತೀವಿ ಗೊತ್ತದ ಏನು' ಎಂಬ ಮಾತು ಮನೆಯಲ್ಲಿ ದಿನಾ ನಡೆಯುತ್ತದೆ. ಈ ಕವಿತೆಯನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸಬೇಡಿ. ಇಪ್ಪತ್ತು ಸಾಲಿನಲ್ಲಿ ಒಂದು ಸಲವೂ ಈ ತಾಯಿ 'ನಿನಗೋಸ್ಕರ' ಎನ್ನುವುದಿಲ್ಲ. ಸಾಲದ ಲೆಕ್ಕ ಒಪ್ಪಿಸುವುದಿಲ್ಲ. ಮಗ ಅವಳ ಮಾತು ಕೇಳಿದ್ದರೆ ಅದಕ್ಕೇ ಕೇಳಿರಬೇಕು ಎಂದು ನನಗೆ ಅನ್ನಿಸುತ್ತದೆ.

ಏಳನೇ ಹೆಜ್ಜೆ: ಉತ್ತರ ಬರೆಯುವುದು

'ರೂಪಕವನ್ನು ವಿವರಿಸಿ' ಎಂಬ ಪ್ರಶ್ನೆಗೆ ಮೂರು ಕೆಲಸ ಮಾಡಿ. ಒಂದು ವಿವರ ಎತ್ತಿಕೊಳ್ಳಿ, ಅದು ಮೆಟ್ಟಿಲಿನಲ್ಲಿ ಏನು ಮಾಡುತ್ತದೆ ಎಂದು ಹೇಳಿ, ಆಮೇಲೆ ಬದುಕಿಗೆ ಬನ್ನಿ. ಹೀಗೆ: 'ಹಲಗೆಗಳು ಕಿತ್ತುಹೋಗಿವೆ ಎಂದು ತಾಯಿ ಹೇಳುತ್ತಾಳೆ. ಹಲಗೆ ಇಲ್ಲದ ಕಡೆ ಕಾಲಿಡಲು ಆಗುವುದಿಲ್ಲ, ದಾಟಿ ಮುಂದಿನ ಮೆಟ್ಟಿಲು ಹಿಡಿಯಬೇಕು. ಅವಳ ಬದುಕಿನಲ್ಲಿ ಆಸರೆಯೇ ಇಲ್ಲದ ಕಾಲಗಳಿದ್ದವು, ಅವನ್ನೂ ದಾಟಿದ್ದಾಳೆ ಎಂದು ಇದರಿಂದ ತಿಳಿಯುತ್ತದೆ.' ನಡುವಿನ ವಾಕ್ಯ ಬಿಟ್ಟರೆ ಉತ್ತರ ಗೈಡಿನದೇ ಆಗುತ್ತದೆ. ಛಲದ ಬಗ್ಗೆ ಕೇಳಿದರೆ ಕೊನೆಯ ಮೂರು ಸಾಲಿಗೆ ಹೋಗಿ. 'ಇನ್ನೂ' ಎಂಬ ಅರ್ಥದ ಪದ ಅಲ್ಲಿ ಎರಡು ಸಲ ಬರುತ್ತದೆ.

ಎಂಟನೇ ಹೆಜ್ಜೆ: ನಿಮ್ಮದೇ ಒಂದು ಬರೆಯಿರಿ

ಮನೆಯವರ ಕೈಯಲ್ಲಿ ದಿನಾ ಇರುವ ಒಂದು ವಸ್ತು ಆರಿಸಿ. ಮೆಟ್ಟಿಲು ಬೇಡ, ಅದು ಆಗಲೇ ಖರ್ಚಾಗಿದೆ. ಆ ವಸ್ತುವಿನ ವಿವರಗಳನ್ನು ಮೊದಲು ಪಟ್ಟಿ ಮಾಡಿ, ಅರ್ಥದ ಯೋಚನೆ ಬೇಡ. ತೊಗರಿ ಹೊಲದ ರೈತನ ಮಗಳು ಹೀಗೆ ಪಟ್ಟಿ ಮಾಡಬಹುದು: ಮುಂಗಾರಿಗೆ ಬಿತ್ತನೆ. ಅದೇ ಹೊಲದಲ್ಲಿ ಅಕ್ಕಡಿಯಾಗಿ, ಅಂದರೆ ತೊಗರಿ ಸಾಲುಗಳ ನಡುವೆ, ಹಾಕಿದ ಹೆಸರುಕಾಳು ಎರಡು-ಎರಡೂವರೆ ತಿಂಗಳಲ್ಲಿ ಬಂದು ಮನೆ ಸೇರುತ್ತದೆ. ತೊಗರಿ ಆಗ ಇನ್ನೂ ಹೂ ಕೂಡ ಬಿಟ್ಟಿರುವುದಿಲ್ಲ. ಮಳೆ ನಿಂತ ಮೇಲೂ ಬೇರು ಆಳಕ್ಕೆ ಹೋಗಿ ತೇವ ಹುಡುಕುತ್ತದೆ. ಕೆಲವು ವರ್ಷ ನೆಟೆ ರೋಗ ಬಂದು ನಿಂತ ಗಿಡ ನಿಂತಲ್ಲೇ ಒಣಗುತ್ತದೆ. ಡಿಸೆಂಬರ್-ಜನವರಿಗೆ ರಾಶಿ.

ಈ ಪಟ್ಟಿಯಿಂದ ಅಪ್ಪನ ಮಾತು ತಾನಾಗಿ ಹುಟ್ಟುತ್ತದೆ. 'ಹೆಸರು ಮನಿಗೆ ಬಂತಂತ ತೊಗರಿ ಕೀಳಬ್ಯಾಡವ್ವಾ' ಎಂದು ಅಪ್ಪ ಹೇಳಿದರೆ, ಗೆಳತಿಗೆ ಮೊದಲ ಸಲಕ್ಕೇ ನೌಕರಿ ಸಿಕ್ಕಿ ತನಗೆ ಸಿಗದೆ ಕೂತಿರುವ ಮಗಳಿಗೆ ಬೇರೆ ಏನೂ ವಿವರಿಸಬೇಕಿಲ್ಲ. ನೆಟೆ ರೋಗದ ವಿವರ ಬಿಡಬೇಡಿ. ಅದನ್ನು ಬಿಟ್ಟರೆ ಕವಿತೆ ಸಿಹಿ ಮಾತಿನ ಪೋಸ್ಟರ್ ಆಗುತ್ತದೆ.

ಬರೆದು ಮುಗಿದ ಮೇಲೆ ಪೆನ್ಸಿಲ್ ಹಿಡಿದು 'ಬದುಕು', 'ಜೀವನ', 'ಕಷ್ಟ', 'ಸಾಧನೆ' ಎಂಬ ಪದಗಳಿಗೆ ಸುತ್ತು ಹಾಕಿ. ಹ್ಯೂಸ್ ಕವಿತೆಯಲ್ಲಿ ಬದುಕು ಎಂಬ ಅರ್ಥದ ಪದ ಬರುವುದು ಎರಡೇ ಕಡೆ, ಎರಡನೇ ಸಾಲಿನಲ್ಲಿ ಮತ್ತು ಕೊನೆಯ ಸಾಲಿನಲ್ಲಿ. ನಿಮ್ಮದರಲ್ಲಿ ಅದಕ್ಕಿಂತ ಜಾಸ್ತಿ ಸುತ್ತುಗಳಿದ್ದರೆ ಒಂದೊಂದನ್ನೇ ಹೊಡೆದು, ಆ ಜಾಗದಲ್ಲಿ ನಿಮ್ಮ ಪಟ್ಟಿಯ ವಿವರ ಇಡಿ.